ಸಂಬಳ ಪಡೆದು ತಪ್ಪು ಮಾಡಿದವನು

ನನ್ನ ಭಾವಮೈದನಷ್ಟು ಶ್ರದ್ಧೆಯಿಂದ ತಪ್ಪು ಮಾಡುವ ಮನುಷ್ಯನನ್ನು ನಾನು ಎರಡು ದೇಶಗಳಲ್ಲಿ ಬದುಕಿಯೂ ಕಂಡಿಲ್ಲ. ನಾವೆಲ್ಲ ತಪ್ಪು ಮಾಡಿ ಬೈಸಿಕೊಂಡವರು. ಅವನು ತಪ್ಪು ಮಾಡಿ ಸಂಬಳ ತೆಗೆದುಕೊಂಡವನು! ಅದೂ ಹೆಲ್ತ್ ಇನ್ಶೂರೆನ್ಸ್ ಸಮೇತ!

ಅವನು ನನ್ನ ಹೆಂಡತಿಯ ತಮ್ಮ. ವಿಡಿಯೋ ಗೇಮ್ ಎಂದರೆ ಟೀವಿಗೆ ಒಂದು ಡಬ್ಬಿ ಸಿಕ್ಕಿಸಿ ಚೌಕದ ಚುಕ್ಕೆಯೊಂದನ್ನು ಅತ್ತಿತ್ತ ಓಡಿಸುವುದು ಎಂದಿದ್ದ ಕಾಲದಲ್ಲಿ ಅಮೆರಿಕಕ್ಕೆ ಓದಲು ಬಂದ. ಓದು ಮುಗಿಸಿ ಅಂಥ ಆಟಗಳನ್ನು ತಯಾರಿಸುವ ಕಂಪನಿಯೊಂದಕ್ಕೆ ಸೇರಿದ. ಅಲ್ಲಿ ಅವನ ಕೆಲಸ ಆಟ ಬರೆಯುವುದಲ್ಲ, ಚಿತ್ರ ಬಿಡಿಸುವುದೂ ಅಲ್ಲ. ಬೇರೆಯವರು ಮಾಡಿದ ಆಟವನ್ನು ಹೇಗೆ ಆಡಬಾರದೋ ಹಾಗೆ ಆಡುವುದು! ಬಾಗಿಲು ಕಂಡರೆ ಪಕ್ಕದ ಗೋಡೆಗೆ ಗುದ್ದಬೇಕು. ಸೇತುವೆ ಕಂಡರೆ ನೀರಿಗೆ ಹಾರಬೇಕು. ಇರುವ ಗುಂಡಿಗಳನ್ನೆಲ್ಲ ಒಟ್ಟಿಗೆ ಒತ್ತಬೇಕು. ಆಟ ಎಲ್ಲಾದರೂ ಸಿಕ್ಕಿಕೊಂಡು ನಿಂತುಬಿಟ್ಟರೆ ಇವನಿಗೆ ಶಾಭಾಸ್‌ಗಿರಿ; ಕೊಳ್ಳುವವರಿಗಿಂತ ಮೊದಲೇ ದೋಷ ಸಿಕ್ಕಿತಲ್ಲ! ಒಂದು ಕಂಪನಿ ಮುಚ್ಚಿದರೆ ಇನ್ನೊಂದು, ಅದೂ ಮುಚ್ಚಿದರೆ ಮತ್ತೊಂದು. ಹೀಗೆ ಕ್ಯಾಲಿಫೋರ್ನಿಯಾದಿಂದ ಅಟ್ಲಾಂಟಾದವರೆಗೆ ತಪ್ಪು ಮಾಡುತ್ತಲೇ ಬಂದು ನಿವೃತ್ತನಾದ. ನಾನೋ, ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ ಬೆಳೆದವನು. ನನಗೆ ಇದು ತಲೆಗೆ ಹತ್ತುವುದಾದರೂ ಹೇಗೆ?

ಮೈಸೂರಿನಲ್ಲಿದ್ದ ನಮ್ಮ ಮಾವನವರಿಗೂ ಹತ್ತಿರಲಿಲ್ಲ. ಮಗ ಆಟ ಆಡುತ್ತಾನೆ ಎನ್ನಲು ನಾಚಿಕೆ. “ಟೀವಿ ಕಂಪನೀಲಿ ಇಂಜಿನಿಯರು” ಎಂದು ಬೀದಿಗೆಲ್ಲ ಹೇಳಿಬಿಟ್ಟರು. ಇವನು ರಜೆಗೆ ಬಂದದ್ದೇ ತಡ, ಎದುರುಮನೆಯ ಮೇಷ್ಟರು ತಮ್ಮ ಟೀವಿಯನ್ನು ಹೊತ್ತು ತಂದರು. ಚಿತ್ರದ ಮೇಲೆ ಗೆರೆ ಬರುತ್ತಿತ್ತಂತೆ. ಇವನು ಅದರ ತಿರುಗಣಿಗಳನ್ನು ಯಾವ ಕಡೆ ತಿರುಗಿಸಬಾರದೋ ಆ ಕಡೆಗೆಲ್ಲ ತಿರುಗಿಸಿದ. ಗೆರೆ ಹೋಯಿತು. ಚಿತ್ರವೂ ಹೋಯಿತು.

“ಏನಪ್ಪಾ, ರಿಪೇರಿ ಮಾಡ್ತೀಯ ಅಂತ ತಂದ್ರೆ!” ಎಂದರು ಮೇಷ್ಟರು.

“ಕೆಡಿಸೋದು ನನ್ನ ಡಿಪಾರ್ಟ್‌ಮೆಂಟು ಸಾರ್. ರಿಪೇರಿಯವರು ಬೇರೆ ಇರ್ತಾರೆ.”

ಮದುವೆಯಾಗದ ಈ ಪ್ರಾಣಿ ನಿವೃತ್ತಿಯ ನಂತರ ಕ್ಯಾರಿ ಎಂಬ ಊರಿನ ನಮ್ಮ ಮನೆಗೇ ಬಂದು ಸೇರಿಕೊಂಡ. ಬಂದವನು ಸುಮ್ಮನೆ ಇದ್ದಾನೆಯೇ? ಎಳೆಯಿರಿ ಎಂದು ಬರೆದ ಬಾಗಿಲನ್ನು ಮೊದಲು ತಳ್ಳಿ ನೋಡುತ್ತಾನೆ. ನಮ್ಮ ಕನ್ನಡ ಬಳಗದ ಪಿಕ್ನಿಕ್ಕಿನಲ್ಲಿ ಎಲ್ಲರೂ ಪ್ಲೇಟು ಹಿಡಿದು ಕೋಸಂಬರಿಯ ಕಡೆಯಿಂದ ಸಾಲು ನಿಂತರೆ, ಇವನು ಮೊಸರನ್ನದ ಕಡೆಯಿಂದ ಹೊರಟ. ಇದೇನೋ ಹೊಸ ಸಾಲು ಎಂದುಕೊಂಡು ಅರ್ಧ ಜನ ಅವನ ಹಿಂದೆ ನಿಂತರು! ಎರಡು ಸಾಲುಗಳೂ ಬಿಸಿಬೇಳೆಬಾತಿನ ಮುಂದೆ ಮುಖಾಮುಖಿಯಾಗಿ ನಿಂತವು. ಯಾರೂ ಹಿಂದೆ ಸರಿಯಲೊಲ್ಲರು; ಬಾತು ಆರುತ್ತಿದೆ.

“ನೋಡಿದ್ರಾ ಭಾವ? ಇದನ್ನ ಮೊದಲೇ ಟೆಸ್ಟ್ ಮಾಡಬೇಕಿತ್ತು,” ಎಂದ ಸಂತೋಷವಾಗಿ.

ಇಷ್ಟರಲ್ಲೇ ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಆದರೆ ಹೋದ ವರ್ಷ ನನ್ನ ಹೆಂಡತಿಗೆ ಮರೆವು ಶುರುವಾಯಿತು. ಅಡುಗೆ ಮರೆತಿಲ್ಲ, ಹಾಡು ಮರೆತಿಲ್ಲ, ನಾನು ಯಾವಾಗಲೋ ಆಡಿದ ಒರಟು ಮಾತೊಂದನ್ನೂ ಮರೆತಿಲ್ಲ! ಮರೆಯುವುದು ತಿರುವುಗಳನ್ನು. ಸಂಜೆ ಒಬ್ಬಳೇ ಕೊಳದವರೆಗೆ ನಡೆದು, ಬಾತುಕೋಳಿಗಳನ್ನು ಮಾತಾಡಿಸಿ ಬರುವುದು ಅವಳ ಜೀವ. ನಮ್ಮ ಸಬ್‌ಡಿವಿಷನ್ ಎಂಬ ಬಡಾವಣೆಯ ಮನೆಗಳೋ, ಒಂದೇ ಅಚ್ಚಿನಲ್ಲಿ ತೆಗೆದ ಇಡ್ಲಿಗಳು. ಒಂದು ಸಂಜೆ ಅವಳು ಬೇರೆ ಯಾರದೋ ಮನೆಯ ಬಾಗಿಲ ಮುಂದೆ ಚಪ್ಪಲಿ ಬಿಟ್ಟು, ಬೀಗ ತೆಗೆಯಲು ಹೆಣಗುತ್ತ ನಿಂತಿದ್ದಳು.

ದೂರದ ಸ್ಟರ್ಲಿಂಗ್ ಊರಿನಲ್ಲಿರುವ ಮಗಳಿಗೆ ಸುದ್ದಿ ಹೋಯಿತು. “ಅಪ್ಪ, ಇನ್ನೊಂದ್ಸಲ ಹೀಗಾದ್ರೆ ವಾಕಿಂಗ್ ಸ್ಟಾಪ್. ಮನೆ ಸೇಲ್‌ಗೆ ಹಾಕಿ ಇಲ್ಲಿಗೆ ಬಂದ್ಬಿಡಿ. ಐ ಆಮ್ ಸೀರಿಯಸ್,” ಎಂದಳು. ಅವಳು ಹೇಳುವುದರಲ್ಲಿ ತಪ್ಪೇನಿದೆ? ಆದರೆ ಕೊಳ ಬಿಟ್ಟು ಇವಳು ಇರುತ್ತಾಳೆಯೇ?

ಅವ್ಯವಸ್ಥೆ ಕಂಡರೆ ವ್ಯವಸ್ಥೆ ಮಾಡುವುದು ನನ್ನ ಜಾಯಮಾನ. ದಾರಿಯ ನಕ್ಷೆ ಬರೆದು, ಲ್ಯಾಮಿನೇಟ್ ಮಾಡಿಸಿ ಕೊಟ್ಟೆ. ಅದನ್ನು ಅವಳು ಬಿಸಿ ಪಾತ್ರೆಯ ಕೆಳಗೆ ಇಟ್ಟಳು. ಎಲ್ಲಿದ್ದಾಳೆಂದು ತೋರಿಸುವ ವಾಚನ್ನು ಮಗಳು ಕಳಿಸಿದಳು. “ಎಷ್ಟು ಚೆನ್ನಾಗಿದೆ, ಹಬ್ಬಕ್ಕೆ ಹಾಕ್ಕೋತೀನಿ,” ಎಂದು ಒಡವೆ ಡಬ್ಬಿಗೆ ಸೇರಿಸಿದಳು. ನಾನೇ ಜೊತೆಗೆ ಹೊರಟರೆ, “ಪೊಲೀಸ್ ಜೊತೆ ನಾನು ವಾಕಿಂಗ್ ಹೋಗಲ್ಲ ಕಣ್ರೀ,” ಎಂದು ಸೋಫಾದಲ್ಲಿ ಕೂತುಬಿಟ್ಟಳು.

ಇಂಥ ಹೊತ್ತಿನಲ್ಲಿ ಭಾವಮೈದನೂ ದಾರಿ ತಪ್ಪತೊಡಗಿದ! ಮಧ್ಯಾಹ್ನ ಹೊರಟವನು ಹೊತ್ತು ಮೀರಿ ಬರುತ್ತಾನೆ. “ನಿಮ್ಮ ಮನೆಯವರೊಬ್ಬರು ನಮ್ಮ ಗ್ಯಾರೇಜಿನ ಮುಂದೆ ನಿಂತಿದ್ದಾರೆ,” ಎಂದು ಯಾರೋ ಫೋನು ಮಾಡುತ್ತಾರೆ. ಒಂದು ದಿನ ಅಕ್ಕನ ಕನ್ನಡಕ ಹಾಕಿಕೊಂಡು ಹೋಗಿ, ಮುಗ್ಗರಿಸಿ, ರಸ್ತೆಬದಿಯ ಮೇಲ್‌ಬಾಕ್ಸಿಗೆ ಹಣೆ ಗುದ್ದಿಸಿಕೊಂಡು ಬಂದ.

“ಅಲ್ಲಯ್ಯಾ, ಅವಳ ಕನ್ನಡಕ ನಿನಗ್ಯಾಕೆ?”

“ಅಕ್ಕಂಗೆ ಆ ತಿರುವಲ್ಲಿ ಏನು ಕಾಣುತ್ತೆ ಅಂತ ನೋಡಬೇಕಿತ್ತು.”

“ಏನು ಕಾಣ್ತು?”

“ಮೇಲ್‌ಬಾಕ್ಸ್ ಅಂತೂ ಕಾಣ್ಲಿಲ್ಲ.”

ನಾನು ಕಂಗಾಲಾದೆ. ಮರೆವು ಇವರ ವಂಶದಲ್ಲೇ ಇರಬಹುದೇ? ಒಬ್ಬಳನ್ನು ಕಾಯಲಾಗದವನು ಇಬ್ಬರನ್ನು ಹೇಗೆ ಕಾಯಲಿ? ಅವನೋ ಹಣೆಗೆ ಐಸ್ ಒತ್ತಿಕೊಂಡು ಹಳೆಯ ಆಟಗಳ ಪುರಾಣ ತೆಗೆದ.

“ಆಗೆಲ್ಲ ಡಬ್ಬೀಲಿ ಜಾಗ ಸಾಲ್ತಾ ಇರ್ಲಿಲ್ಲ ಭಾವ. ದೊಡ್ಡ ಊರು ಕಟ್ಟೋಕೆ ಆಗ್ತಿರ್ಲಿಲ್ಲ. ಅದಕ್ಕೇ ಪರದೆಯ ಬಲಗಡೆ ಅಂಚಿಂದ ಆಚೆ ಹೋದೋನು ಎಡಗಡೆಯಿಂದ ಒಳಗೆ ಬರ್ತಿದ್ದ. ಮೇಲೆ ಹೋದೋನು ಕೆಳಗಿಂದ ಬರ್ತಿದ್ದ. ಗೋಡೆ ಇಲ್ಲ, ಆದ್ರೆ ಯಾರೂ ಕಳೆದೂ ಹೋಗ್ತಿರ್ಲಿಲ್ಲ.”

“ಇದು ಕ್ಯಾರಿ ಕಣಯ್ಯ, ನಿನ್ನ ಟೀವಿ ಅಲ್ಲ!”

“ಅಂಚು ಹೊಲೀಬೇಕು, ಅಷ್ಟೇ,” ಎಂದ. ಹೊಲಿಯುವುದಂತೆ! ಏನು, ಊರೇನು ದಿಂಬಿನ ಚೀಲವೇ?

ಕಳೆದ ಶರತ್ಕಾಲದ ಒಂದು ಸಂಜೆ ನಾನು ಹೆದರಿದ್ದು ಆಗಿಯೇ ಹೋಯಿತು. ಬರುವ ಹೊತ್ತು ಮೀರಿದರೂ ಅವಳು ಬರಲಿಲ್ಲ. ಭಾವಮೈದ ಮನೆಯ ಹಿಂದಿನ ಮರದ ಜಗಲಿ, ಡೆಕ್ಕಿನ ಮೇಲೆ ಕೂತು, ಹಿತ್ತಲಲ್ಲಿ ಬೆಳೆದ ಅವರೆಕಾಯಿ ಸುಲಿಯುತ್ತಿದ್ದ.

“ಏಳಯ್ಯಾ, ಹುಡುಕೋಣ! ಮಗಳಿಗೆ ಫೋನ್ ಮಾಡಲಾ?”

“ಇರಿ ಭಾವ. ಬರ್ತಾಳೆ. ಯಾವ ಕಡೆಯಿಂದ ಅನ್ನೋದಷ್ಟೇ ಗೊತ್ತಿಲ್ಲ.” ತಲೆಯನ್ನೂ ಎತ್ತಲಿಲ್ಲ. ಅವರೆಕಾಯಿಯ ಮೇಲಿರುವ ಪ್ರೀತಿ ಒಡಹುಟ್ಟಿದವಳ ಮೇಲಿಲ್ಲವಲ್ಲ! ಬೈದು, ನಾನೊಬ್ಬನೇ ಓಡಿದೆ.

ಕೊಳದಿಂದ ಬರುವಾಗ ಬಲಕ್ಕೆ ತಿರುಗಬೇಕಾದ ಕಡೆ ಎಡಕ್ಕೆ ತಿರುಗಿದರೆ ಶಬಾನಾ ಎಂಬ ಹುಡುಗಿಯ ಮನೆ. ಮೈಸೂರಿನವಳೇ. ಬಾಗಿಲಲ್ಲೇ ನಿಂತಿದ್ದಳು.

“ಆಂಟೀನ ಹುಡುಕ್ತಿದ್ದೀರಾ ಅಂಕಲ್? ಈಗಷ್ಟೇ ಟೀ ಕುಡಿದು ಹೋದ್ರು. ಇದೇ ಅವರ ಮನೆ ಅಂದ್ಕೊಂಡು ಬಂದ್ರು. ನಾನು ಹೌದು ಬನ್ನಿ ಅಂದೆ. ಆಮೇಲೆ ಹಿಂದಿನ ಕಾಲುದಾರಿಗೆ ಬಿಟ್ಟೆ. ಆ ಅಂಕಲ್ ಹಾಗೇ ಹೇಳಿಕೊಟ್ಟಿದ್ರು.”

“ಯಾವ ಅಂಕಲ್?”

“ನಿಮ್ಮ ಬ್ರದರ್ ಇನ್ ಲಾ! ಅವರೇ ಆಂಟಿ ಥರ ದಾರಿ ತಪ್ಪಿ ಬಂದು, ನಾನು ಏನು ಮಾಡ್ತೀನಿ ಅಂತ ಟೆಸ್ಟ್ ಮಾಡಿದ್ರಲ್ಲ. ಫಸ್ಟ್ ಟೈಮ್ ನಾನು ಫೇಲು. ಬಾಗಿಲೇ ತೆಗೀಲಿಲ್ಲ.”

ಕಾಲುದಾರಿಯ ಕೊನೆಯಲ್ಲಿ ಒಂದು ಕಡೆ ನಮ್ಮ ಬೀದಿ, ಇನ್ನೊಂದು ಕಡೆ ಕಾರುಗಳು ಹಾರಿಹೋಗುವ ದೊಡ್ಡ ರಸ್ತೆ. ದೊಡ್ಡ ರಸ್ತೆಯ ಕಡೆಗೇ ಓಡಿದೆ. ಆದರೆ ಆ ತಿರುವಿನಲ್ಲಿ ಗ್ಯಾರೇಜು ತೆರೆದು, ಸಂಜೆಯೆಲ್ಲ ಕುರ್ಚಿ ಹಾಕಿಕೊಂಡು ಕೂರುವ ಅಮೆರಿಕನ್ ಮುದುಕನೊಬ್ಬನಿದ್ದಾನೆ. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಬೀದಿಯ ಕಡೆ ಕೈ ತೋರಿಸಿದ. ಅವಳು ದೊಡ್ಡ ರಸ್ತೆಯ ಕಡೆ ಹೊರಟಿದ್ದಳಂತೆ. ಇವನು ಎದ್ದು ಹೋಗಿ ತನ್ನ ನಾಯಿ ತೋರಿಸಿ, ಮಾತಾಡಿಸುತ್ತ ನಮ್ಮ ಬೀದಿಯವರೆಗೂ ಕರೆದುಕೊಂಡು ಹೋಗಿ ಬಿಟ್ಟು ಬಂದನಂತೆ. ಹಣೆಗೆ ಪೆಟ್ಟಾದ ಆ ಮನುಷ್ಯ ಚೆನ್ನಾಗಿದ್ದಾನೆಯೇ ಎಂದೂ ವಿಚಾರಿಸಿದ.

ಮನೆಗೆ ಬಂದರೆ, ದಿನವೂ ಮುಂದಿನಿಂದ ಬರುವವಳು, ಅವನ ಹಳೆಯ ಆಟದವರ ಹಾಗೆ, ಹಿತ್ತಲ ಗೇಟಿನಿಂದ ಬಂದು, ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾಳೆ!

“ಎಲ್ಲಿಗೆ ಹೋಗಿದ್ರಿ? ಹೇಳಿ ಹೋಗಬಾರ್ದಾ? ವಯಸ್ಸಾದ್ಮೇಲೆ ಒಬ್ಬೊಬ್ಬರೇ ಅಲೀತಾರಾ?”

“ನೀನು ಹೇಗೆ ಬಂದೆ?” ಎಂದೆ ಏದುಸಿರು ಬಿಡುತ್ತ.

“ಹೇಗೆ ಅಂದ್ರೆ? ನಡ್ಕೊಂಡು ಬಂದೆ. ಈಗೀಗ ಎಲ್ಲಾ ರಸ್ತೆನೂ ಮನೆಗೇ ಬರ್ತವಪ್ಪ,” ಎಂದು ಕಾಲು ತೊಳೆಯಲು ಒಳಗೆ ಹೋದಳು.

ಮಗಳಿಗೆ ನಾನೇ ಫೋನು ಮಾಡಿದೆ. ಮುಚ್ಚಿಡುವುದು ನನಗೆ ಬರುವುದಿಲ್ಲ. ಅಮ್ಮ ದಾರಿ ತಪ್ಪಿದಳು, ಆದರೆ ಕಳೆದುಹೋಗಲಿಲ್ಲ ಎಂದು ಎಲ್ಲವನ್ನೂ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ, “ಸರಿ ಅಪ್ಪ. ಸದ್ಯಕ್ಕೆ ವಾಕಿಂಗ್ ಇರ್ಲಿ. ಮಾಮಂಗೆ ಫೋನ್ ಕೊಡಿ,” ಎಂದಳು.

ಕೊಡಲು ಡೆಕ್ಕಿಗೆ ಹೋದೆ. ಅವನು ಇನ್ನೂ ತಲೆ ಎತ್ತಿರಲಿಲ್ಲ. ಕೈ ಮಾತ್ರ ಸುಲಿಯುತ್ತಲೇ ಇತ್ತು. ಬಗ್ಗಿ ನೋಡಿದೆ. ಪಾತ್ರೆಯ ತುಂಬ ಸಿಪ್ಪೆ. ಕಾಳೆಲ್ಲ ಕಸದ ಚೀಲದಲ್ಲಿ! ಜೀವಮಾನವೆಲ್ಲ ಬೇಕೆಂದೇ ತಪ್ಪು ಮಾಡಿದ ಮನುಷ್ಯ ತನಗರಿವಿಲ್ಲದೆ ಮಾಡಿದ ತಪ್ಪೆಂದು ನಾನು ಕಂಡದ್ದು ಅದೊಂದೇ.

ಫೋನನ್ನು ಅವನ ಕಿವಿಗೆ ಹಿಡಿದು, ಪಕ್ಕದಲ್ಲಿ ಕೂತು, ಇನ್ನೊಂದು ಕೈಯಿಂದ ಕಸದ ಚೀಲದೊಳಗಿನ ಕಾಳನ್ನು ಆರಿಸತೊಡಗಿದೆ.