ಅಂಗಿಯೊಳಗಿನ ಅಮೆರಿಕದ ಆಟಗಾರ

ಮೈಗೆ ಹೊಂದುವ ಅಂಗಿ ಬೇರೆ, ಮನಸ್ಸಿಗೆ ಹೊಂದುವ ಅಂಗಿ ಬೇರೆ. ಈ ಸೂಕ್ಷ್ಮ ನಮ್ಮ ಮನೆಯಲ್ಲಿ ನನ್ನೊಬ್ಬನಿಗೇ ತಿಳಿದಿರುವುದು ನನ್ನ ಸಂಸಾರದ ದೊಡ್ಡ ತೊಡಕು. ತೊಂಬತ್ತರ ದಶಕದ ಆರಂಭದಲ್ಲಿ, ಸಿಂಧನೂರಿನ ಬಸ್ ನಿಲ್ದಾಣದ ಎದುರು ಪರದೇಶದ ಹಳೆಯ ಬಟ್ಟೆಗಳ ರಾಶಿಯಲ್ಲಿ ನನಗೊಂದು ನೀಲಿ ಅಂಗಿ ಸಿಕ್ಕಿತು. ಬೆನ್ನ ಮೇಲೆ ಊಟದ ತಟ್ಟೆಯಷ್ಟು ದೊಡ್ಡದಾಗಿ ಇಪ್ಪತ್ತೆಂಟು ಎಂಬ ಅಂಕಿ. ಅಮೆರಿಕದ ಫುಟ್‌ಬಾಲ್ ಆಟಗಾರರು ತೊಡುವ ಅಂಗಿಯೆಂದು ಮಾರುವವನೇ ಹೇಳಿದ. ನನ್ನಂಥ ಇಬ್ಬರು ಅದರೊಳಗೆ ಸಂಸಾರ ಹೂಡಬಹುದಿತ್ತು. ಆದರೆ ಮಸ್ಕಿಯ ಕಚೇರಿಯಲ್ಲಿ ಇಡೀ ದಿನ ಸಾಹೇಬರ ಬೈಗುಳ ತಿಂದು, ಮನೆಗೆ ಬಂದು ಅದನ್ನು ತೊಟ್ಟರೆ ನನ್ನ ಭುಜಗಳು ತಾವಾಗಿಯೇ ಅಗಲವಾಗುತ್ತಿದ್ದವು. ಹೆಂಡತಿ ಶಾಂತಾ ಮಾತ್ರ, "ಖಾಲಿ ಕಣಜದಾಗ ಇಲಿ ಬಿದ್ದಂಗ ಕಾಣ್ತೀರಿ" ಎಂದಳು.

ಕಷ್ಟ ಬಂದದ್ದು ಅತ್ತೆಯ ರೂಪದಲ್ಲಿ. ಕೌದಿ ಹೊಲಿದುಕೊಡಲೆಂದೇ ವಳಕಮದಿನ್ನಿಯಿಂದ ಬಂದಿದ್ದ ಅವರು ಹಳೆಯ ಸೀರೆ, ಧೋತರದ ಚೂರುಗಳನ್ನು ಹರವಿಕೊಂಡು ಕೂತು, "ನಡುವಿಗೆ ಒಂದು ನೀಲಿ ಅರಿವಿ ಬೇಕಿತ್ತು ನೋಡು" ಎಂದು ಆ ಅಂಗಿ ತೊಟ್ಟಿದ್ದ ನನ್ನ ಎದೆಯನ್ನೇ ದಿಟ್ಟಿಸಿದರು. ಶಾಂತಾ ಆಗಲೇ ಕತ್ತರಿ ತಂದಿದ್ದಳು. ನಾನು ಗಾಬರಿಯಿಂದ, "ಇದು ದೊಡ್ಡ ಆಟಗಾರನ ಅಂಗಿರಿ ಅತ್ತಿ. ಆತ ಇನ್ನೂ ಆಡಾಕತ್ತಾನ" ಎಂದುಬಿಟ್ಟೆ.

ಅತ್ತೆ ಕೈ ತಡೆದರು. "ಹಂಗಾರ ಬ್ಯಾಡ ಬಿಡವಾ. ದುಡಿಯೋ ಮನಷ್ಯಾನ ಅರಿವಿಗೆ ಕತ್ತರಿ ಹಾಕಬಾರದು. ಎಂಥಾ ಆಟರೀ ಅದು, ಅಳಿಯಾರ?"

ಲಿಂಗಸುಗೂರಿನ ವಾಚನಾಲಯದಲ್ಲಿ ಯಾವುದೋ ಇಂಗ್ಲಿಷ್ ಪತ್ರಿಕೆಯ ಅರ್ಧ ಪುಟ ಓದಿದ್ದೇ ನನ್ನ ಸಮಸ್ತ ವಿದ್ವತ್ತು. "ಚೆಂಡು ಬಗಲಾಗ ಹಿಡ್ಕೊಂಡು ಓಡ್ತಾನ್ರಿ. ಎದುರಿನ ಹನ್ನೊಂದು ಮಂದಿ ಆತನ ಮ್ಯಾಲೆ ಬೀಳ್ತಾರ."

"ಅಯ್ಯ ಶಿವನ! ಆ ಚೆಂಡು ಅವರಿಗೇ ಕೊಟ್ಟು ಮನಿಗೆ ಹೋಗಬಾರದೇನು?"

ಇದಕ್ಕೆ ಅಮೆರಿಕದಲ್ಲಿಯೂ ಯಾರ ಬಳಿಯೂ ಉತ್ತರವಿದ್ದಿರಲಿಕ್ಕಿಲ್ಲ. ಅಂದಿನಿಂದ ಸಂಜೆ ಚಹಾ ಆದಮೇಲೆ ಅತ್ತೆ ಸೂಜಿಗೆ ದಾರ ಪೋಣಿಸುತ್ತ, "ನಿಮ್ಮ ಇಪ್ಪತ್ತೆಂಟು ಹೆಂಗದಾನ್ರಿ?" ಎನ್ನುವುದು, ನಾನು ಅವನ ಬಾಳನ್ನು ಇನ್ನೊಂದು ವರ್ಷ ಮುಂದಕ್ಕೆ ತಳ್ಳುವುದು ರೂಢಿಯಾಯಿತು. ಅವನು ಗಾಡಿ ಹೊಡೆಯುವ ಬಡವನ ಮಗನಾದ. ಕಾಲೇಜಿನ ತಂಡದಿಂದ ಪಗಾರ ಕೊಡುವ ದೊಡ್ಡ ತಂಡಕ್ಕೆ ಹೋದ. ಮೊಣಕಾಲು ಮುರಿದುಕೊಂಡ. ಆ ದಿನ ಅತ್ತೆ ಹೊಲಿಗೆ ಬಿಟ್ಟು, ಮುದಗಲ್ಲಿನಲ್ಲಿ ಎಲುಬು ಕಟ್ಟುವವನೊಬ್ಬನಿದ್ದಾನೆ, ಅವನನ್ನು ಕರೆಸಿ ಎಂದು ದುಂಬಾಲು ಬಿದ್ದರು. ಅವನು ಆಟ ಬಿಟ್ಟರೆ ನನ್ನ ಅಂಗಿ ಹೋಯಿತಲ್ಲ! ಮರುದಿನವೇ ಮೊಣಕಾಲು ಗುಣಪಡಿಸಿ ಮೈದಾನಕ್ಕೆ ಅಟ್ಟಿದೆ. ನಿಜ ಹೇಳಬೇಕೆಂದರೆ ನನಗೂ ಅವನ ಮೇಲೆ ಮಮತೆ ಹುಟ್ಟಿತ್ತು. ಅವನು ಗೆದ್ದ ಮರುದಿನ ಸಾಹೇಬರ ಬೈಗುಳ ನನಗೆ ಅಷ್ಟಾಗಿ ನಾಟುತ್ತಿರಲಿಲ್ಲ.

ಆದರೆ ಹೊಗಳಿಕೆಯ ಅಮಲು ಹೆಂಡದ್ದಕ್ಕಿಂತ ಕೆಟ್ಟದ್ದು. ಒಂದು ಸಂಜೆ ಓಣಿಯ ಹೆಂಗಸರೆಲ್ಲ ಕೇಳಲು ಬಂದು ಕೂತಿದ್ದರು. ಅಷ್ಟು ಜನ ನನ್ನ ಮಾತು ಕೇಳಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಉಬ್ಬಿಹೋದೆ. ಬೆನ್ನ ಮೇಲೆ ನಾಲ್ವರನ್ನು ಹೊತ್ತುಕೊಂಡೇ ಅವನನ್ನು ಗೆರೆ ದಾಟಿಸಿದೆ. ಮೈದಾನದ ಜನರನ್ನೆಲ್ಲ ಎಬ್ಬಿಸಿ ನಿಲ್ಲಿಸಿದೆ. ಅವನು ಶಿರಸ್ತ್ರಾಣ ತೆಗೆದು, ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು, "ಇನ್ನ ಸಾಕು" ಎಂದು ನಡೆದುಬಿಟ್ಟ. ಎಲ್ಲರ ಕಣ್ಣೂ ಒದ್ದೆಯಾದವು, ನನ್ನದು ಎಲ್ಲರಿಗಿಂತ ಹೆಚ್ಚು.

ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು, "ಆಟ ಬಿಟ್ಟನೇನ್ರಿ?" ಎಂದರು.

"ಬಿಟ್ಟಾನ್ರಿ."

"ಚಲೋ ಆತು. ಭಾಳ ಬಡಿಸಿಕೊಂಡಾನ, ಪಾಪ. ಶಾಂತಾ, ಕತ್ತರಿ ತಗೊಂಬಾ."

ಕೌದಿ ಚೆನ್ನಾಗಿ ಬಂತು, ಇಲ್ಲವೆನ್ನಲಾರೆ. ಆ ಚಳಿಗಾಲದ ಬೆಳಗುಗಳಲ್ಲಿ ಇಪ್ಪತ್ತೆಂಟನ್ನು ಹೊಟ್ಟೆಯ ಮೇಲೆ ಎಳೆದುಕೊಂಡು, ನಾನೂ ಮೈದಾನ ಗೆದ್ದು ಬಂದವನ ಹಾಗೆ ಕಾಲು ಚಾಚುತ್ತಿದ್ದೆ. ಶಾಂತಾ ಬಂದು ಕೌದಿ ಕಿತ್ತೆಳೆದು ಕೊಡ ಕೈಗಿಡುತ್ತಿದ್ದಳು.

"ರಿಟೈರ್ ಆದಾಂವ ಆತ, ನೀವಲ್ಲ. ಏಳ್ರಿ, ನಳ ಬಂದಾವ."