ಡಾರ್ಸೋ ಡ್ರಾಯರ್

ಮೇಷ್ಟ್ರಿಗೆ ಮನುಷ್ಯರು ಬೇಕಿರಲಿಲ್ಲ. ಅವರ ಅಂಗಾಂಗಗಳ ಹೆಸರು ಸಾಕಿತ್ತು. ಮೂವತ್ತೆಂಟು ವರ್ಷ ಜೊತೆಯಲ್ಲಿ ಸಂಸಾರ ಮಾಡಿದ ಹೆಂಡತಿಯ ತೀರ್ಪು ಇದು. ಮೇಲ್ಮನವಿಗೆ ಅವಕಾಶವಿಲ್ಲ.

ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ಪಾಠ ಹೇಳಲು ಅವರಿಗೆ ಉಳಿದದ್ದು ಮನೆಯ ಔಷಧಿ ಬೀರು ಒಂದೇ. "ಇನ್ಮೇಲೆ ಈ ಮನೇಲಿ ಒಂದು ಮುಲಾಮಿಗೆ ಯಾರೂ ತಡಕಾಡಬಾರದು" ಎಂದು ಘೋಷಿಸಿ, ರಟ್ಟಿನ ಪೊಟ್ಟಣಗಳನ್ನೆಲ್ಲ ಎಸೆದು, ಒಳಗಿದ್ದುದನ್ನು ದೇಹದ ಭಾಗಗಳ ಲ್ಯಾಟಿನ್ ಪೂರ್ವಪದಗಳ ಪ್ರಕಾರ ಡ್ರಾಯರುಗಳಿಗೆ ಹಂಚಿದರು. ಅಂದಿನಿಂದ ಹೆಂಡತಿ ಕೆಮ್ಮಿನ ಔಷಧಿ ಹುಡುಕುವುದನ್ನು ಬಿಟ್ಟು ಸುಮ್ಮನೆ ಕೆಮ್ಮುತ್ತಿದ್ದರು.

ಆ ದಿನ ಹನ್ನೊಂದಕ್ಕೆ ಆಕೆಯ ತಂಗಿಯ ಮದುವೆ ನೋಂದಣಿ. ಅರವತ್ತು ತುಂಬಿದ ಮೇಲೆ ತಂಗಿ ಮದುವೆಗೆ ಮನಸ್ಸು ಮಾಡಿದ್ದಳು. ಸಾಕ್ಷಿಯ ಸಹಿ ಅಕ್ಕನದು. ಹತ್ತು ಗಂಟೆಗೆ, ಬಿದ್ದ ಬಾಚಣಿಗೆ ಎತ್ತಲು ಬಗ್ಗಿದ ಅಕ್ಕ ಮೇಲೇಳಲಿಲ್ಲ. ಬೆನ್ನು ಹಿಡಿದುಕೊಂಡಿತ್ತು.

"ರೀ, ಬೆನ್ನಿಗೆ ಹಚ್ಚೋದು ಏನಾದ್ರೂ ತನ್ನಿ."

"ಡಾರ್ಸೋ" ಎಂದರು ಮೇಷ್ಟ್ರು. ಮುಖ ಅರಳಿತು. "ಲ್ಯಾಟಿನ್ನಿನ ಡಾರ್ಸಂನಿಂದ ಬಂದದ್ದು. ಅಂದ್ರೆ ಬೆನ್ನು."

"ಅಂದ್ರೆ ನೋವು. ಬೇಗ ತನ್ನಿ."

ಕನ್ನಡಕದ ಮೂಗಿನ ಪ್ಯಾಡ್ ಒಂದು ಕಳಚಿ ಬಿದ್ದಿದ್ದರಿಂದ ಮೇಷ್ಟ್ರು ಬರಿಗಣ್ಣಲ್ಲೇ ಡ್ರಾಯರಿಗೆ ಕೈ ಹಾಕಿದರು. ಸಿಕ್ಕ ಟ್ಯೂಬನ್ನು ಧಾರಾಳವಾಗಿ ಹಿಂಡಿ, ಸೊಂಟದ ಮೇಲೆ ಅಂಗೈಯಗಲ ಬಳಿದು, ಅಂಗಿ ಇಳಿಬಿಟ್ಟರು. ವಾಸನೆ ಖಾರವಾಗಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

"ಬಿಸಿ ಆಗ್ತಿದೆಯಾ?"

"ಇಲ್ಲ. ಬಿಗೀತಾ ಇದೆ."

"ಕೆಲಸ ಶುರು ಮಾಡಿದೆ ಅಂತ ಅರ್ಥ."

ಕಾಲು ಗಂಟೆಯ ಮೇಲೆ ಬೇರೆ ಅಂಗಿ ತೊಡಲು ಹೋದರೆ ಹಳೆಯದರ ಜೊತೆ ಚರ್ಮವೂ ಹೊರಟಿತು. ಮೇಷ್ಟ್ರು ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ಓದಿದರು. ಕನ್ನಡಕದ ಪ್ಯಾಡ್ ಅಂಟಿಸುವ ಗೋಂದು.

"ಬೆನ್ನಿನ ಡ್ರಾಯರಲ್ಲಿ ಗೋಂದಿಗೇನ್ರೀ ಕೆಲಸ?"

"ನೋಡು, ಲ್ಯಾಟಿನ್ನಿನಲ್ಲಿ ಕೈಗೂ ಬೆನ್ನಿದೆ, ಪಾದಕ್ಕೂ ಇದೆ, ನಾಲಗೆಗೂ ಇದೆ. ಮೂಗಿನ ಮೇಲ್ಭಾಗಾನೂ ಡಾರ್ಸಮ್ಮೇ. ಕನ್ನಡಕ ಕೂರೋದು ಅಲ್ಲೇ ತಾನೆ? ವರ್ಗೀಕರಣ ಸರಿಯಾಗೇ ಇದೆ."

"ಸರಿಯಾಗೇ ಇದೆ. ನಾನೊಬ್ಬಳೇ ಮೂವತ್ತೆಂಟು ವರ್ಷದಿಂದ ತಪ್ಪು ಡ್ರಾಯರಲ್ಲಿ ಇರೋದು."

ಫೋನು ಹೊಡೆದುಕೊಂಡಿತು. ತಂಗಿ.

"ಅಕ್ಕಾ, ಎಲ್ಲಿದ್ದೀಯೇ? ಅಧಿಕಾರಿ ಹನ್ನೆರಡಕ್ಕೆ ರಜೆ ಮೇಲೆ ಹೊರಡ್ತಾರಂತೆ. ತಪ್ಪಿದ್ರೆ ಇನ್ನೊಂದು ತಿಂಗಳು."

"ಅಂಗಿ ಬೆನ್ನಿಗೆ ಅಂಟಿಕೊಂಡಿದೆ ಕಣೇ. ಬರ್ತೀನಿ."

"ಭಾವ ಔಷಧಿ ಹಚ್ಚಿದ್ರಾ?"

ಅಂಟಿದ ಅಂಗಿಯ ಮೇಲೆಯೇ ಕೋಟು ತೊಟ್ಟು ಹೋಗುವುದೆಂದು ತೀರ್ಮಾನವಾಯಿತು. ಗೋಡೆ ಹಿಡಿದು, ಹೆಜ್ಜೆಗೊಂದು ನಿಟ್ಟುಸಿರು ಬಿಡುತ್ತ ಆಕೆ ಬಾಗಿಲಿನವರೆಗೆ ಬಂದರು. ಶೂಗಳಲ್ಲಿ ಕಾಲು ತೂರಿಸಿದ್ದೂ ಆಯಿತು. ಲೇಸು ಕಟ್ಟಲು ಮಾತ್ರ ಬಗ್ಗುವಂತಿರಲಿಲ್ಲ.

ಮೇಷ್ಟ್ರು ಪಾದಗಳನ್ನು ನೋಡಿ ಬಾಯಿ ತೆರೆದರು. ಇನ್ನೊಂದು ಪಾಠ ಬಂತೆಂದು ಆಕೆ ಕಣ್ಣು ಮುಚ್ಚಿಕೊಂಡರು. ಬರಲಿಲ್ಲ.

ಕಣ್ಣು ಬಿಟ್ಟಾಗ ಅವರು ನೋಯುವ ಮಂಡಿಗಳನ್ನು ನೆಲಕ್ಕೆ ಊರಿ, ಕಣ್ಣು ಕಾಣದೆ ತಡವುತ್ತ, ಲೇಸು ಕಟ್ಟುತ್ತಿದ್ದರು. ಮೊದಲ ಗಂಟು ಸಡಿಲವಾಯಿತು. ಬಿಚ್ಚಿ ಮತ್ತೆ ಕಟ್ಟಿದರು.

"ಎಲ್ಲಾದ್ರೂ ಒತ್ತುತ್ತಾ?" ಎಂದು ಕೇಳಿ, ತಲೆಯೆತ್ತಿ, ಉತ್ತರಕ್ಕೆ ಕಾದರು.