ತಿಮಿಂಗಿಲದ ಬಗ್ಗೆ ನಿಜ ಹೇಳಿದ ಶ್ರೀಮತಿ ಲಾಬ್ರಿಯವರ ವರ್ಗಾವಣೆ ಕುರಿತು

ನೋಡತಕ್ಕ ಸ್ಥಳಗಳ ಪಟ್ಟಿ ಪರಿಷ್ಕರಣಾ ವಿಭಾಗ
ಕ್ವಿಬೆಕ್ ಪ್ರಾಂತ್ಯ

ಸಂಖ್ಯೆ: ನೋಸ್ಥ/ತಿಮಿಂ/೨೭/ವರ್ಗ-೩
ದಿನಾಂಕ: ಜುಲೈ ೯ (ಮಂಜಿನ ನಿಮಿತ್ತ ೧೧ರಂದು ರವಾನೆ)

ವಿಷಯ: ಸೇಂತ್-ಒವೀದ್ ಗ್ರಾಮದ ಪ್ರವಾಸಿ ಮಾಹಿತಿ ಕೇಂದ್ರದ ಸಿಬ್ಬಂದಿ ಶ್ರೀಮತಿ ಉಗೆತ್ ಲಾಬ್ರಿಯವರ ವರ್ಗಾವಣೆ.

ಉಲ್ಲೇಖ: ೧. ತಿಮಿಂಗಿಲ ಕಾಣಲಿಲ್ಲವೆಂದು ಪ್ರವಾಸಿಗರ ದೂರು.
೨. ಕಾಣುವುದಿಲ್ಲವೆಂದು ಮೊದಲೇ ಹೇಳಿಬಿಟ್ಟರೆಂದು ಈ ವಿಭಾಗದ್ದೇ ದೂರು.

೧. ಸದರಿ ಗ್ರಾಮದ ದಡದಿಂದ ಪ್ರತಿನಿತ್ಯ ತಿಮಿಂಗಿಲಗಳು ಕಾಣುತ್ತವೆಂದು ವಿಭಾಗದ ಕೈಪಿಡಿಯಲ್ಲಿ ಮುದ್ರಿಸಲಾಗಿದೆ. ಆದಾಗ್ಯೂ ಶ್ರೀಮತಿ ಲಾಬ್ರಿಯವರು ಮಾಂಟ್ರಿಯಲ್‌ನಿಂದ ಬಂದ ಒಂದು ಬಸ್ಸು ತುಂಬ ಪ್ರವಾಸಿಗರಿಗೆ, "ತಿಮಿಂಗಿಲಾನಾ? ಇಪ್ಪತ್ತೇಳು ವರ್ಷದಲ್ಲಿ ನಾನು ನೋಡಿರೋದೇ ಎರಡು ಸಲ ಕಣ್ರೀ. ಅದರಲ್ಲೂ ಒಂದು ಬಂಡೆ!" ಎಂದು ಹೇಳಿರುವುದು ವಿಭಾಗದ ಗಮನಕ್ಕೆ ಬಂದಿದೆ.

೨. ಸದರಿಯವರನ್ನು ರಾಜಧಾನಿಯ ಕರಪತ್ರ ಮಡಿಸುವ ಕೊಠಡಿಗೆ ವರ್ಗಾಯಿಸಿ, ಆದೇಶ ಜಾರಿಗೊಳಿಸಲು ತನಿಖಾಧಿಕಾರಿ ಶ್ರೀ ನೊರ್ಮಾಂ ಬಿಸಾಯೋಂ ಅವರನ್ನು ಪ್ರವಾಸಿಯ ವೇಷದಲ್ಲಿ ಕಳುಹಿಸಲಾಯಿತು.

೩. ಇಲ್ಲಿ ನೋಡುವಂಥದ್ದೇನಿದೆ ಎಂದು ಅವರು ವಿಚಾರಿಸಲಾಗಿ, "ಕೂತ್ಕೊಳ್ಳಿ ಸ್ವಾಮಿ, ಮಂಜಿದೆ. ಸರಿದ ಮೇಲೂ ಅಂಥಾದ್ದೇನಿಲ್ಲ. ಮೊದಲು ಆ ಒದ್ದೆ ಕಾಲುಚೀಲ ಬಿಚ್ಚಿ," ಎಂಬ ಉತ್ತರ ಬಂದಿದೆ. ಕಾಲುಚೀಲ ಬಿಚ್ಚಲಾಗಿದೆ. ಬಟಾಣಿ ಸೂಪು ಎರಡು ಬಟ್ಟಲು ಸೇವಿಸಲಾಗಿದೆ. ಬಂಡೆಯ ಕಥೆ ಸಂಜೆ ನಾಲ್ಕರವರೆಗೆ ನಡೆದಿದೆ.

೪. ತದನಂತರ ಆದೇಶವನ್ನು ನೀಡಲಾಗಿ, ಸದರಿಯವರು "ಆಯ್ತು ಬಿಡಿ" ಎಂದಷ್ಟೇ ಹೇಳಿ, ತಮ್ಮ ಮಡಿಸುವ ಕುರ್ಚಿಯನ್ನು ಮಡಿಸಿದ್ದಾರೆ. ಕಣ್ಣೊರೆಸಿಕೊಂಡಿದ್ದಾರೆ. ಆ ವೇಳೆಯಲ್ಲಿ ಅವರು ಈರುಳ್ಳಿ ಹೆಚ್ಚುತ್ತಿರಲಿಲ್ಲವೆಂಬುದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿದೆ.

೫. ಅಷ್ಟರಲ್ಲಿ ತನಿಖಾಧಿಕಾರಿಗಳು ಸಂದರ್ಶಕರ ಪುಸ್ತಕವನ್ನು ತಿರುವಿ ಹಾಕಲಾಗಿ, "ತಿಮಿಂಗಿಲ ಸಿಗಲಿಲ್ಲ, ಉಗೆತಕ್ಕ ಸಿಕ್ಕರು. ಮುಂದಿನ ವರ್ಷವೂ ಬರುತ್ತೇವೆ" ಎಂಬರ್ಥದ ನಲವತ್ತಮೂರು ಬರಹಗಳು ಕಂಡುಬಂದಿವೆ. ಕನಿಷ್ಠ ನಲವತ್ತು ಮಂದಿ ಮತ್ತೆ ನೋಡಬಯಸುವ ಯಾವುದೇ ಆದರೂ ನಿಯಮ ೧೨ರನ್ವಯ ನೋಡತಕ್ಕ ಸ್ಥಳವೇ ಆಗಿರುತ್ತದೆ.

೬. ಆದುದರಿಂದ ಶ್ರೀಮತಿ ಲಾಬ್ರಿಯವರು ಈ ಕ್ಷಣದಿಂದ ಸ್ಥಳವಾಗಿರುತ್ತಾರೆ. ಸ್ಥಾವರ ಸ್ವತ್ತನ್ನು ವರ್ಗಾಯಿಸಲು ಅವಕಾಶವಿಲ್ಲದ ಕಾರಣ ವರ್ಗಾವಣೆಯನ್ನು ರದ್ದುಪಡಿಸಲಾಗಿದೆ.

೭. ಸದರಿ ಸ್ಥಳದ ಮೇಲೆ ಯಾರೂ ಹೆಸರು ಕೆತ್ತತಕ್ಕದ್ದಲ್ಲ. ಮಂಜಿನಲ್ಲಿ ಸ್ಥಳವು ಕಾಣದಿದ್ದರೂ ಕೇಳಿಸುತ್ತದೆ ಎಂದು ಕೈಪಿಡಿಯಲ್ಲಿ ತಿದ್ದುಪಡಿ ಮಾಡತಕ್ಕದ್ದು.

೮. ಈ ಆದೇಶದ ಕರಡನ್ನು ದೂರವಾಣಿಯಲ್ಲಿ ಓದಿ ಹೇಳಿದಾಗ ಶ್ರೀಮತಿ ಲಾಬ್ರಿಯವರು ಮಡಿಸಿದ್ದ ಕುರ್ಚಿಯನ್ನು ಮತ್ತೆ ಬಿಡಿಸಿದ್ದಾರೆ. ತನಿಖಾಧಿಕಾರಿಗಳಿಗೆ ಸೂಪಿನ ಮೂರನೇ ಬಟ್ಟಲು ಬಡಿಸಿರುವುದನ್ನೂ ದಾಖಲಿಸಿಕೊಳ್ಳಲಾಗಿದೆ.

ಸಹಿ/-
ಉಪನಿರ್ದೇಶಕರು (ಸ್ಥಳಗಳು ಮತ್ತು ವ್ಯಕ್ತಿಗಳು)

ಪ್ರತಿಗಳು:
೧. ಶ್ರೀಮತಿ ಲಾಬ್ರಿ: ಸ್ವೀಕೃತಿ ಸಹಿಗಾಗಿ. ಅಂಚಿನಲ್ಲಿ ಅಭಿಪ್ರಾಯ ಬರೆಯತಕ್ಕದ್ದಲ್ಲ.
೨. ಪಕ್ಕದೂರಿನ ಪುರಸಭೆ: ಹೊಟ್ಟೆ ಉರಿದುಕೊಳ್ಳುವ ಸಲುವಾಗಿ.
೩. ಶ್ರೀ ಬಿಸಾಯೋಂ: ಒಂದು ದಿನದ ತನಿಖೆಗೆ ಹೋದವರು ಒಂಬತ್ತನೇ ದಿನವೂ ಮರಳದಿರುವುದರಿಂದ, ಸೇಂತ್-ಒವೀದ್ ವಿಳಾಸಕ್ಕೇ.